ಕಾರಿನಲ್ಲಿ ಕ್ರಿಸ್‌ಮಸ್ ಹಾಡು ಕಡಿಯದೆ ಕೇಳುವುದು ಹೇಗೆ: ಸ್ಯಾಟಲೈಟ್ ರೇಡಿಯೋಗೊಂದು ಸಮಗ್ರ ಮಾರ್ಗದರ್ಶಿ

ಮಿಷಿಗನ್‌ಗೆ ಬಂದ ಮೊದಲ ವರ್ಷ, ಡಿಸೆಂಬರಿನ ಒಂದು ಶನಿವಾರ, ಊರಾಚೆಯ ಕ್ರಿಸ್‌ಮಸ್ ಮರದ ತೋಟಕ್ಕೆ ಹೋಗಿ ಏಳಡಿಯ ಫರ್ ಮರ ಕೊಯ್ದು ತಂದೆವು. ಹೋಗುವಾಗ ದಾರಿಯುದ್ದಕ್ಕೂ ಚೆನ್ನಾಗಿ ಹಾಡುತ್ತಿದ್ದ ಸ್ಯಾಟಲೈಟ್ ರೇಡಿಯೋ ಬರುವಾಗ ಬಾಯಿಯೇ ಬಿಡಲಿಲ್ಲ. ಪರದೆಯ ಮೇಲೆ 'ಅಕ್ವೈರಿಂಗ್ ಸಿಗ್ನಲ್' ಎಂಬ ಎರಡು ಪದ ಮಾತ್ರ. ಚಾನೆಲ್ ಬದಲಿಸಿದೆ, ರೇಡಿಯೋ ಆರಿಸಿ ಹಾಕಿದೆ, ಚಂದಾ ಮುಗಿದಿರಬೇಕೆಂದು ಕಂಪನಿಗೆ ಫೋನ್ ಮಾಡಲು ಹೊರಟೆ. ಮನೆ ಮುಂದೆ ಹಗ್ಗ ಬಿಚ್ಚಿ ಮರ ಕೆಳಗಿಳಿಸಿದೆವು ನೋಡಿ, ಕೆಲವೇ ಸೆಕೆಂಡಿನಲ್ಲಿ ಹಾಡು ಮರಳಿ ಬಂತು. ಕಾರಿನ ನೆತ್ತಿಯ ಮೇಲಿನ ಪುಟ್ಟ ಆ್ಯಂಟೆನಾವನ್ನು ಹಿಮ ಮೆತ್ತಿದ ಒದ್ದೆ ಕೊಂಬೆಗಳು ಪೂರ್ತಿ ಮುಚ್ಚಿದ್ದವು.

ಆ ಹೊತ್ತಿಗೆ ಯಾರಾದರೂ "ಆಕಾಶ ಕಾಣದಿದ್ದರೆ ಈ ರೇಡಿಯೋ ಹಾಡುವುದಿಲ್ಲ" ಎಂದು ಒಂದು ಮಾತು ಹೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಆಮೇಲೆ ಇಷ್ಟು ಚಳಿಗಾಲಗಳಲ್ಲಿ ಕಲಿತದ್ದನ್ನೆಲ್ಲ ಅಮೆರಿಕ, ಕೆನಡಾಗಳಿಗೆ ಹೊಸದಾಗಿ ಬಂದ ನಮ್ಮವರಿಗಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಹೊಸ ಕಾರು ಕೊಂಡಾಗ ರೇಡಿಯೋ ಜೊತೆಯಲ್ಲೇ ಬಂದಿರುತ್ತದೆ. ಮೂರು ತಿಂಗಳು ಉಚಿತ ಎಂದೂ ಹೇಳಿರುತ್ತಾರೆ. ಅದನ್ನು ಸರಿಯಾಗಿ ಬಳಸದೆ, ಬ್ಲೂಟೂತ್‌ನಲ್ಲಿ ಅದೇ ಹತ್ತು ಹಾಡು ತಿರುಗಿಸಿ ಕೇಳುತ್ತಾ ಆ ಮೂರು ತಿಂಗಳು ಕಳೆದುಬಿಡುವವರನ್ನು ಬಹಳ ನೋಡಿದ್ದೇನೆ.

ಮೊದಲು ಇದು ಏನೆಂದು ತಿಳಿಯೋಣ

ಉತ್ತರ ಅಮೆರಿಕದಲ್ಲಿ ಸ್ಯಾಟಲೈಟ್ ರೇಡಿಯೋ ಎಂದರೆ ಇವತ್ತು ಸಿರಿಯಸ್‌ಎಕ್ಸ್‌ಎಂ ಒಂದೇ. ಮೊದಲು ಇವು ಎರಡು ಕಂಪನಿಗಳು. ಎಕ್ಸ್‌ಎಂ 2001ರ ಸೆಪ್ಟೆಂಬರಿನಲ್ಲಿ, ಸಿರಿಯಸ್ 2002ರಲ್ಲಿ ಪ್ರಸಾರ ಶುರು ಮಾಡಿದವು. 2008ರಲ್ಲಿ ಎರಡೂ ಒಂದಾದವು. ಎಫ್‌ಎಂ ಕೇಂದ್ರದ ಗೋಪುರದಿಂದ ಐವತ್ತು ಅರವತ್ತು ಮೈಲಿ ದೂರ ಹೋದರೆ ಹಾಡು ಕರಕರ ಎನ್ನತೊಡಗುತ್ತದೆ. ಇಲ್ಲಿ ಗೋಪುರವೇ ಆಕಾಶದಲ್ಲಿದೆ. ಭೂಮಧ್ಯ ರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತ ಉಪಗ್ರಹಗಳು ಇಡೀ ಖಂಡಕ್ಕೆ ಒಂದೇ ಹಾಡನ್ನು ಒಂದೇ ಸಲ ಸುರಿಯುತ್ತವೆ. ದೊಡ್ಡ ನಗರಗಳಲ್ಲಿ ಎತ್ತರದ ಕಟ್ಟಡಗಳು ಅಡ್ಡ ಬರುವುದರಿಂದ ಅಲ್ಲಲ್ಲಿ ನೆಲದ ಮೇಲೂ ಮರುಪ್ರಸಾರದ ಗೋಪುರಗಳನ್ನು ಇಟ್ಟಿದ್ದಾರೆ.

ಇದರ ರುಚಿ ನನಗೆ ಬೆಂಗಳೂರಿನಲ್ಲೇ ಹತ್ತಿತ್ತು. ವರ್ಲ್ಡ್‌ಸ್ಪೇಸ್ ನೆನಪಿದೆಯೇ? ಏಷ್ಯಾಸ್ಟಾರ್ ಉಪಗ್ರಹದಿಂದ ಬರುತ್ತಿದ್ದ ಆ ರೇಡಿಯೋದಲ್ಲಿ ಕನ್ನಡಕ್ಕೆಂದೇ 'ಸ್ಪರ್ಶ' ಎಂಬ ಚಾನೆಲ್ ಇತ್ತು, ಕರ್ನಾಟಕ ಸಂಗೀತಕ್ಕೆ 'ಶ್ರುತಿ' ಇತ್ತು. ರೂಮ್‌ಮೇಟ್ ಬಾಲ್ಕನಿಯ ಕಟ್ಟೆಯ ಮೇಲೆ ಅಂಗೈಯಗಲದ ಚಪ್ಪಟೆ ಆ್ಯಂಟೆನಾ ಇಟ್ಟು, ಪೂರ್ವದಿಂದ ಸ್ವಲ್ಪ ದಕ್ಷಿಣಕ್ಕೆ ವಾಲಿಸಿ, ಸಿಗ್ನಲ್ ಕಡ್ಡಿಗಳು ತುಂಬುವವರೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಅದು ನಿಂತುಹೋಯಿತು. ಆದರೆ ಆಕಾಶದ ಒಂದು ನಿರ್ದಿಷ್ಟ ಮೂಲೆಗೆ ಮುಖ ಮಾಡಿದರೆ ಮಾತ್ರ ಹಾಡು ಬರುತ್ತದೆ ಎಂಬ ಪಾಠ ಅಲ್ಲಿಯೇ ಆಗಿತ್ತು. ಫರ್ ಮರದ ದಿನ ಅದು ನೆನಪಾಗದೆ ಹೋಯಿತಷ್ಟೆ.

ಒಂದನೇ ಹೆಜ್ಜೆ: ನವೆಂಬರಿನಲ್ಲೇ ರೇಡಿಯೋ ಪರೀಕ್ಷಿಸಿ

ಕ್ರಿಸ್‌ಮಸ್ ಚಾನೆಲ್‌ಗಳು ಡಿಸೆಂಬರ್ 24ಕ್ಕೆ ಶುರುವಾಗುವುದಿಲ್ಲ. ನವೆಂಬರ್ ಮೊದಲ ವಾರಗಳಲ್ಲೇ ಒಂದೆರಡು ತಲೆಯೆತ್ತುತ್ತವೆ, ನವೆಂಬರಿನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಬಹುತೇಕ ಎಲ್ಲವೂ ಬಂದಿರುತ್ತವೆ. ಆದ್ದರಿಂದ ದೀಪಾವಳಿ ಮುಗಿಯುತ್ತಿದ್ದಂತೆ ಈ ಕೆಲಸ ಮಾಡಿಬಿಡಿ.

ಕಾರಿನ ಪರದೆಯಲ್ಲಿ ಎಎಂ, ಎಫ್‌ಎಂ ಪಕ್ಕದಲ್ಲಿ ಸಿರಿಯಸ್‌ಎಕ್ಸ್‌ಎಂ ಅಥವಾ ಬರೀ ಎಸ್‌ಎಕ್ಸ್‌ಎಂ ಎಂಬ ಗುಂಡಿ ಇದ್ದರೆ ರೇಡಿಯೋ ಇದೆ ಎಂದರ್ಥ. ಕಾರಿನ ನೆತ್ತಿಯ ಹಿಂಭಾಗದಲ್ಲಿ ಶಾರ್ಕ್ ಮೀನಿನ ಬೆನ್ನುರೆಕ್ಕೆಯಂಥ ಉಬ್ಬು ಕಾಣುತ್ತದಲ್ಲ, ಆ್ಯಂಟೆನಾ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ. ಆಮೇಲೆ ಚಾನೆಲ್ ಸೊನ್ನೆಗೆ ತಿರುಗಿಸಿ. ಹೆಚ್ಚಿನ ರೇಡಿಯೋಗಳಲ್ಲಿ ಅಲ್ಲಿ ರೇಡಿಯೋ ಐಡಿ ಕಾಣುತ್ತದೆ. ಎಕ್ಸ್‌ಎಂ ಬಗೆಯದಾದರೆ ಎಂಟು ಅಕ್ಷರ ಮತ್ತು ಅಂಕೆಗಳು, ಹಳೆಯ ಸಿರಿಯಸ್ ಬಗೆಯದಾದರೆ ಹನ್ನೆರಡು ಅಂಕೆಗಳು. ಇದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಚಂದಾ, ದುರಸ್ತಿ, ರದ್ದು ಎಲ್ಲಕ್ಕೂ ಇದೇ ಬೇಕು. ಬರೆದುಕೊಳ್ಳುವಾಗ ಸೊನ್ನೆಯೋ ಓ ಅಕ್ಷರವೋ, ಒಂದೋ ಐ ಅಕ್ಷರವೋ ಎಂಬ ಅನುಮಾನ ಬಂದರೆ ಅದು ಅಂಕೆಯೇ. ಆ ಗೊಂದಲ ಬೇಡವೆಂದೇ ಓ, ಐ ಅಕ್ಷರಗಳನ್ನು ಐಡಿಯಲ್ಲಿ ಬಳಸುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇನ್ನೊಂದು ವಿಷಯ ನೋಡಬೇಕು. ಹಿಂದಿನ ಮಾಲೀಕರ ಚಂದಾ ಇನ್ನೂ ನಡೆಯುತ್ತಿರಬಹುದು. ಹಾಡು ಬರುತ್ತಿದೆ ಎಂದು ಸುಮ್ಮನಿದ್ದರೆ ಯಾವುದೋ ದಿನ ನಿಂತುಹೋಗುತ್ತದೆ, ಅದೂ ದೂರ ಪ್ರಯಾಣದ ನಡುವೆ. ಐಡಿ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಎರಡನೇ ಹೆಜ್ಜೆ: ಚಂದಾ, ಮತ್ತು ದುಡ್ಡಿನ ಎಚ್ಚರ

ಹೊಸ ಕಾರಿನ ಉಚಿತ ಅವಧಿ ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಮೊದಲು ನೋಡಿ. ಸೆಪ್ಟೆಂಬರ್ ಕೊನೆಯಲ್ಲಿ ಕಾರು ಕೊಂಡಿದ್ದರೆ ಮೂರು ತಿಂಗಳು ಸರಿಯಾಗಿ ಕ್ರಿಸ್‌ಮಸ್ ಮುನ್ನಾದಿನಗಳಲ್ಲಿ ಮುಗಿದು ಕೈಕೊಡುತ್ತದೆ. ಇದು ನನ್ನ ಗೆಳೆಯರೊಬ್ಬರಿಗೆ ಆದದ್ದು.

ಚಂದಾ ಕಟ್ಟುವುದಾದರೆ ಸಂಗೀತ ಚಾನೆಲ್‌ಗಳಷ್ಟೇ ಇರುವ ಕಡಿಮೆ ದರದ ಪ್ಯಾಕೇಜ್ ಸಾಕು. ಕ್ರಿಕೆಟ್ಟಂತೂ ಇಲ್ಲ, ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ದುಬಾರಿ ಪ್ಯಾಕೇಜ್ ಏಕೆ? ಹೊಸಬರಿಗೆ ಮೊದಲ ಕೆಲವು ತಿಂಗಳು ತುಂಬಾ ಅಗ್ಗದ ದರ ಕೊಡುತ್ತಾರೆ. ಆ ಅವಧಿ ಮುಗಿದ ಮೇಲೆ ಪೂರ್ತಿ ದರ ಕಾರ್ಡಿನಿಂದ ತಾನಾಗಿಯೇ ಕಡಿತವಾಗುತ್ತದೆ. ಜಾಹೀರಾತಿನಲ್ಲಿ ಕಂಡ ದರದ ಮೇಲೆ ಸಂಗೀತದ ರಾಯಲ್ಟಿ ಶುಲ್ಕ ಮತ್ತು ತೆರಿಗೆ ಬೇರೆ ಸೇರುತ್ತವೆ. ಹಾಗಾಗಿ 'ತಿಂಗಳಿಗೆ ಇಷ್ಟು' ಎಂಬುದನ್ನು ನಂಬಿ ಲೆಕ್ಕ ಹಾಕಬೇಡಿ, ಕೊನೆಯ ಪುಟದ ಒಟ್ಟು ಮೊತ್ತ ನೋಡಿ.

ಕಾರ್ಡ್ ನಂಬರ್ ಕೊಟ್ಟ ಆ ಕ್ಷಣವೇ ಫೋನಿನ ಕ್ಯಾಲೆಂಡರಿನಲ್ಲಿ ಅವಧಿ ಮುಗಿಯುವ ಹತ್ತು ದಿನ ಮೊದಲಿಗೆ ಒಂದು ನೆನಪೋಲೆ ಹಾಕಿ. ರದ್ದು ಮಾಡುವುದನ್ನು ಬಹಳ ಕಷ್ಟ ಮಾಡಿಟ್ಟಿದ್ದಾರೆ ಎಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2023ರ ಡಿಸೆಂಬರಿನಲ್ಲಿ ಈ ಕಂಪನಿಯ ಮೇಲೆ ದಾವೆ ಹೂಡಿದ್ದರು. 2024ರ ನವೆಂಬರಿನಲ್ಲಿ ನ್ಯಾಯಾಲಯ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಚಂದಾ ಬೇಡವೇ ಬೇಡ ಎನ್ನುವುದಕ್ಕೆ ಇದನ್ನು ಹೇಳುತ್ತಿಲ್ಲ. ನಾನೇ ಪ್ರತಿ ವರ್ಷ ಕಟ್ಟುತ್ತೇನೆ. ತಾರೀಕು ಗೊತ್ತಿಟ್ಟುಕೊಂಡು ಕಟ್ಟಿ ಎನ್ನುತ್ತೇನೆ. ಕೆನಡಾದವರಿಗೆ ಸಿರಿಯಸ್‌ಎಕ್ಸ್‌ಎಂ ಕೆನಡಾ ಎಂಬ ಬೇರೆ ಖಾತೆ, ಬೇರೆ ದರ.

ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಊರೊಳಗಿನ ಓಡಾಟಕ್ಕೆ ಎಫ್‌ಎಂ ಧಾರಾಳ ಸಾಕು. ಡೆಟ್ರಾಯಿಟ್‌ನಲ್ಲಿ 100.3ರ ಡಬ್ಲ್ಯೂಎನ್‌ಐಸಿ ನವೆಂಬರಿನಲ್ಲೇ ಪೂರ್ತಿ ಕ್ರಿಸ್‌ಮಸ್ ಹಾಡುಗಳಿಗೆ ಬದಲಾಗುತ್ತದೆ. ಅಮೆರಿಕದ ಬಹುತೇಕ ದೊಡ್ಡ ಊರುಗಳಲ್ಲಿ ಇಂಥದ್ದೊಂದು ಕೇಂದ್ರ ಇದ್ದೇ ಇರುತ್ತದೆ. ಸ್ಯಾಟಲೈಟ್ ರೇಡಿಯೋದ ಬೆಲೆ ತಿಳಿಯುವುದು ಊರು ದಾಟಿದ ಮೇಲೆ.

ಮೂರನೇ ಹೆಜ್ಜೆ: ಸಿಗ್ನಲ್ ಎಬ್ಬಿಸುವುದು

ಚಂದಾ ಕಟ್ಟಿದ ಮಾತ್ರಕ್ಕೆ ಹಾಡು ಬರುವುದಿಲ್ಲ. ನಿಮ್ಮ ಐಡಿಯ ರೇಡಿಯೋಗೆ 'ಬಾಗಿಲು ತೆರೆ' ಎಂಬ ಸಂದೇಶ ಉಪಗ್ರಹದಿಂದ ಇಳಿದು ಬರಬೇಕು. ಆಗ ರೇಡಿಯೋ ಆನ್ ಆಗಿರಬೇಕು, ಆ್ಯಂಟೆನಾಕ್ಕೆ ಆಕಾಶ ಕಾಣುತ್ತಿರಬೇಕು.

ಕಾರನ್ನು ಬಯಲಿಗೆ ತನ್ನಿ. ಉಪಗ್ರಹಗಳು ಇರುವುದು ದಕ್ಷಿಣದ ಆಕಾಶದಲ್ಲಿ, ಹಾಗಾಗಿ ದಕ್ಷಿಣಕ್ಕೆ ಎತ್ತರದ ಕಟ್ಟಡ, ಮರಗಳಿಲ್ಲದ ಜಾಗ ಒಳ್ಳೆಯದು. ಯಾವುದಾದರೂ ಅಂಗಡಿಯ ತೆರೆದ ಪಾರ್ಕಿಂಗ್ ಲಾಟ್ ಆದೀತು. ಕಾರು ಸ್ಟಾರ್ಟ್ ಮಾಡಿ, ರೇಡಿಯೋವನ್ನು ಚಾನೆಲ್ 1ಕ್ಕೆ ಇಟ್ಟು, ಫೋನಿನಲ್ಲಿ ಕಂಪನಿಯ ಜಾಲತಾಣ ತೆರೆದು ಐಡಿ ಕೊಟ್ಟು 'ರಿಫ್ರೆಶ್' ಕೇಳಿ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಪರದೆಯ ಮೇಲೆ ಚಂದಾ ನವೀಕರಣವಾಯಿತೆಂಬ ಸೂಚನೆ ಬರುತ್ತದೆ. ಅಲ್ಲಿಯವರೆಗೆ ಕಾರು ಆರಿಸಬೇಡಿ.

ಇಲ್ಲೊಂದು ಮಾತನ್ನು ದಯವಿಟ್ಟು ಮರೆಯಬೇಡಿ. ಚಳಿ ಎಂದು ಮನೆಯ ಗ್ಯಾರೇಜಿನೊಳಗೆ ಬಾಗಿಲು ಹಾಕಿ ಎಂಜಿನ್ ಓಡಿಸುತ್ತಾ ಈ ಕೆಲಸಕ್ಕೆ ಕೂರಬೇಡಿ. ಸಿಗ್ನಲ್ ಹೇಗೂ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಚ್ಚಿದ ಗ್ಯಾರೇಜಿನಲ್ಲಿ ಕಾರಿನ ಹೊಗೆಯ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ. ಬಾಗಿಲು ತೆರೆದಿದ್ದರೂ ಬೇಡ, ಕಾರು ಹೊರಗೇ ಇರಲಿ.

ಪರದೆಯ ಮೇಲೆ ಬರುವ ಮಾತುಗಳ ಅರ್ಥ ತಿಳಿದಿದ್ದರೆ ಅರ್ಧ ತೊಂದರೆ ನೀವೇ ಬಗೆಹರಿಸಬಹುದು. 'ಅಕ್ವೈರಿಂಗ್ ಸಿಗ್ನಲ್' ಅಥವಾ 'ನೋ ಸಿಗ್ನಲ್' ಎಂದರೆ ಆಕಾಶಕ್ಕೆ ಏನೋ ಅಡ್ಡ ಇದೆ. 'ಚೆಕ್ ಆ್ಯಂಟೆನಾ' ಎಂದರೆ ವೈರು ಅಥವಾ ಆ್ಯಂಟೆನಾವೇ ಕೆಟ್ಟಿದೆ, ಗ್ಯಾರೇಜಿನವರಿಗೆ ತೋರಿಸಬೇಕು. ಚಾನೆಲ್ ನಿಮ್ಮ ಚಂದಾದಲ್ಲಿ ಇಲ್ಲ ಎಂಬರ್ಥದ ಮಾತು ಬಂದರೆ ಮೊದಲು ಒಂದು ರಿಫ್ರೆಶ್ ಮಾಡಿ, ಆಮೇಲೂ ಬಾರದಿದ್ದರೆ ಫೋನ್ ಮಾಡಿ.

ನಾಲ್ಕನೇ ಹೆಜ್ಜೆ: ಯಾವ ಹೊತ್ತಿಗೆ ಯಾವ ಚಾನೆಲ್

ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಹೆಚ್ಚಿನವರು ಕ್ರಿಸ್‌ಮಸ್ ಎಂದು ಮೊದಲು ಕಂಡ ಚಾನೆಲ್ ಹಾಕಿ, ಎರಡು ಗಂಟೆಯಲ್ಲಿ ಅದೇ ಹಾಡು ಮೂರು ಸಲ ಕೇಳಿ, ಬೇಜಾರಾಗಿ ಆರಿಸುತ್ತಾರೆ. ತಪ್ಪು ಹಾಡುಗಳದ್ದಲ್ಲ. ಚಾನೆಲ್‌ಗಳ ಸ್ವಭಾವ ಬೇರೆ ಬೇರೆ. ಹೊತ್ತು ನೋಡಿ, ಕಾರಿನಲ್ಲಿ ಯಾರಿದ್ದಾರೆ ಎಂದು ನೋಡಿ ಆಯ್ದುಕೊಳ್ಳಬೇಕು. ಚಾನೆಲ್ ನಂಬರುಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಕೆಲವು ಚಾನೆಲ್‌ಗಳು ಹಬ್ಬದ ಮಟ್ಟಿಗೆ ಬೇರೆ ಚಾನೆಲ್‌ನ ಜಾಗದಲ್ಲಿ ಬಂದು ಕೂರುತ್ತವೆ. ಹಾಗಾಗಿ ಹೆಸರು ಹಿಡಿದು ಹುಡುಕಿ.

ಹಾಲಿಡೇ ಟ್ರೆಡಿಷನ್ಸ್ ಹಳೆಯ ಕಾಲದ್ದು: 1940ರಿಂದ 60ರ ದಶಕದವರೆಗಿನ ಬಿಂಗ್ ಕ್ರಾಸ್ಬಿ, ನ್ಯಾಟ್ ಕಿಂಗ್ ಕೋಲ್, ಪೆರಿ ಕೋಮೊ, ಆ್ಯಂಡಿ ವಿಲಿಯಮ್ಸ್. ನಮ್ಮಲ್ಲಿ ಪಿ.ಬಿ. ಶ್ರೀನಿವಾಸ್ ಅವರ ದನಿ ಕೇಳಿದರೆ ಹಿರಿಯರ ಮುಖ ಹೇಗೆ ಅರಳುತ್ತದೋ, ಇಲ್ಲಿನ ಹಿರಿಯರಿಗೆ ಈ ದನಿಗಳು ಹಾಗೆ. ಕ್ರಾಸ್ಬಿಯ 'ವೈಟ್ ಕ್ರಿಸ್‌ಮಸ್' ಬಂದಾಗ ಗಮನವಿಟ್ಟು ಕೇಳಿ. ಅದನ್ನು ಮೊದಲು ಧ್ವನಿಮುದ್ರಿಸಿದ್ದು 1942ರಲ್ಲಿ. ಪ್ರತಿ ತೆಗೆದು ತೆಗೆದು ಮೂಲ ಮುದ್ರಿಕೆಯೇ ಸವೆದುಹೋಗಿ 1947ರಲ್ಲಿ ಮತ್ತೆ ಹಾಡಿಸಬೇಕಾಯಿತು. ಇವತ್ತು ನಮ್ಮ ಕಿವಿಗೆ ಬೀಳುವುದು ಸಾಮಾನ್ಯವಾಗಿ ಆ ಎರಡನೆಯದು. ಈ ಚಾನೆಲ್ ರಾತ್ರಿಗೆ, ಊಟ ಮುಗಿದು ಮನೆಗೆ ಮರಳುವ ಹೊತ್ತಿಗೆ ಹೇಳಿ ಮಾಡಿಸಿದ್ದು.

'ಹಾಲಿ' (Holly) ಎಂಬುದು ಈಗಿನವರ ಹಾಡುಗಳ ಚಾನೆಲ್. ಮಕ್ಕಳು ಹಿಂದಿನ ಸೀಟಿನಲ್ಲಿದ್ದರೆ ಇದನ್ನು ಬಿಟ್ಟು ಬೇರೆ ದಾರಿಯಿಲ್ಲ. ಮರಾಯಾ ಕ್ಯಾರಿಯ 1994ರ ಹಾಡು 'ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯು' ಇಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು 25 ವರ್ಷ ಕಳೆದ ಮೇಲೆ, 2019ರಲ್ಲಿ. ಬ್ರೆಂಡಾ ಲೀ 13ರ ಹುಡುಗಿಯಾಗಿದ್ದಾಗ 1958ರಲ್ಲಿ ಹಾಡಿದ 'ರಾಕಿನ್ ಅರೌಂಡ್ ದ ಕ್ರಿಸ್‌ಮಸ್ ಟ್ರೀ' ಮೊದಲ ಸ್ಥಾನಕ್ಕೆ ಬಂದದ್ದು 65 ವರ್ಷಗಳ ನಂತರ, 2023ರ ಡಿಸೆಂಬರಿನಲ್ಲಿ. ಕ್ರಿಸ್‌ಮಸ್ ಹಾಡಿಗೆ ವಯಸ್ಸಾಗುವುದಿಲ್ಲ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಬೇರೆ ಬೇಕೇ? ಆದರೆ ಈ ಚಾನೆಲ್‌ನಲ್ಲಿ ಹಾಡುಗಳ ಸುತ್ತು ಚಿಕ್ಕದು. ಒಂದೂವರೆ ಗಂಟೆಗಿಂತ ಹೆಚ್ಚು ಒಂದೇ ಸಮನೆ ಹಾಕಬೇಡಿ.

ಹಾಲಿಡೇ ಪಾಪ್ಸ್ ಎಂಬ ಹೆಸರು ಕೇಳಿ ಇದು ಪಾಪ್ ಸಂಗೀತವೆಂದು ತಿಳಿಯಬೇಡಿ. ಇಲ್ಲಿ ಬರುವುದು ಶಾಸ್ತ್ರೀಯ ವಾದ್ಯವೃಂದ, ಇಗರ್ಜಿಯ ಮೇಳಗಾನ. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಕೇಳಿಸಿದ ಹ್ಯಾಂಡೆಲ್‌ನ 'ಮೆಸಾಯ', 1892ರ ಚೈಕೋವ್‌ಸ್ಕಿಯ 'ನಟ್‌ಕ್ರ್ಯಾಕರ್' ಇಂಥವೆಲ್ಲ. ಪದಗಳ ಗದ್ದಲವಿಲ್ಲದ ಬೆಳಗಿನ ಹೊತ್ತಿಗೆ ಇದೇ ನನ್ನ ಆಯ್ಕೆ.

ಅಮ್ಮ ಮಂಗಳೂರಿನಿಂದ ಬಂದಿದ್ದ ವರ್ಷ ಈ ಚಾನೆಲ್‌ನಲ್ಲೇ 'ಸೈಲೆಂಟ್ ನೈಟ್' ಬಂತು, ಪದವಿಲ್ಲದೆ, ಬರೀ ಪಿಟೀಲುಗಳಲ್ಲಿ. ಕಿಟಕಿಯಾಚೆ ಹಿಮ ನೋಡುತ್ತಾ ಕೂತಿದ್ದ ಅಮ್ಮ ತಟ್ಟನೆ ತಿರುಗಿ, "ಮಗಾ, ಇದು ನಮ್ಮ ಬಿಜೈ ಇಗರ್ಜಿಯಲ್ಲಿ ಹಾಡ್ತಿದ್ದದ್ದಲ್ವಾ?" ಎಂದರು. ನಾವು ಕ್ರೈಸ್ತರಲ್ಲ. ಆದರೆ ಪಕ್ಕದ ಮನೆಯಿಂದ ಪ್ರತಿ ಡಿಸೆಂಬರಿಗೂ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಬರುತ್ತಿತ್ತು, ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ತುಂಬಿ. ಗೋದಲಿ ನೋಡಲು ನಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದವರೇ ಅಮ್ಮ. 1818ರಲ್ಲಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಗಿಟಾರಿನ ಜೊತೆ ಮೊದಲು ಹಾಡಿದ ರಾಗ ಬಿಜೈಗೆ ಬಂದು, ಅಲ್ಲಿಂದ ಅಮ್ಮನ ಕಿವಿಯಲ್ಲಿ ಕೂತು, ಮಿಷಿಗನ್‌ನ ಹಿಮದಲ್ಲಿ ಗುರುತು ಸಿಕ್ಕಿತು. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೆ ಇಂಗ್ಲಿಷ್ ಪದಗಳಿಲ್ಲದ ಈ ಚಾನೆಲ್ ಹಾಕಿ ನೋಡಿ.

ಆಫ್ರಿಕನ್ ಅಮೆರಿಕನ್ನರ ಸೋಲ್ ಸಂಗೀತದ ಹಾಲಿಡೇ ಸೋಲ್ ಚಾನೆಲ್ ಬಗ್ಗೆ ಡೆಟ್ರಾಯಿಟ್ ಸೀಮೆಯಲ್ಲಿ ಇರುವವನಾಗಿ ನನಗೆ ಪಕ್ಷಪಾತವಿದೆ. ಬೆರಿ ಗಾರ್ಡಿ 1959ರಲ್ಲಿ ಮೋಟೌನ್ ಎಂಬ ಹಾಡುಗಳ ಕಂಪನಿ ಕಟ್ಟಿದ್ದು ಇದೇ ಊರಿನಲ್ಲಿ. ವೆಸ್ಟ್ ಗ್ರ್ಯಾಂಡ್ ಬುಲವಾರ್ಡ್‌ನ ಆ ಪುಟ್ಟ ಮನೆ ಈಗ ಮ್ಯೂಸಿಯಂ. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಸ್ಟೀವಿ ವಂಡರ್, 1970ರಲ್ಲಿ ಕ್ರಿಸ್‌ಮಸ್ ಆಲ್ಬಂ ತಂದ ಜಾಕ್ಸನ್ 5, ಎಲ್ಲರೂ ಈ ಚಾನೆಲ್‌ನಲ್ಲಿ ಸಿಗುತ್ತಾರೆ. ಕಾರು ಓಡಿಸುತ್ತಾ ನಿದ್ದೆ ಎಳೆಯುವ ಮಧ್ಯಾಹ್ನ ಮೂರರ ಹೊತ್ತಿಗೆ ಇದರಷ್ಟು ಒಳ್ಳೆಯ ಜೊತೆ ಇನ್ನಿಲ್ಲ.

ಇವಲ್ಲದೆ ಹಳ್ಳಿಗಾಡಿನ ಗಿಟಾರಿನ ಕಂಟ್ರಿ ಕ್ರಿಸ್‌ಮಸ್, ಸ್ಪ್ಯಾನಿಷ್ ಹಾಡುಗಳ ನಾವಿದಾದ್, ಟಿವಿಯ ಹಾಲ್‌ಮಾರ್ಕ್‌ನವರ ಚಾನೆಲ್, ಯಹೂದಿಗಳ ಹಬ್ಬಕ್ಕೆ ರೇಡಿಯೋ ಹನುಕಾ ಹೀಗೆ ಬರುತ್ತಲೇ ಇರುತ್ತವೆ. ಉಪಗ್ರಹದಿಂದ ಬರುವುದು ಕೆಲವೇ. ಉಳಿದ ಹಲವು ಚಾನೆಲ್‌ಗಳು ಆ್ಯಪ್‌ನಲ್ಲಿ ಮಾತ್ರ, ಅಥವಾ ಇಂಟರ್ನೆಟ್ ಜೋಡಣೆಯೂ ಇರುವ 360ಎಲ್ ಎಂಬ ಹೊಸ ಬಗೆಯ ಕಾರ್ ರೇಡಿಯೋದಲ್ಲಿ ಮಾತ್ರ. ಆ್ಯಪ್‌ನಲ್ಲಿ ಕಂಡ ಚಾನೆಲ್ ಕಾರಿನಲ್ಲಿ ಸಿಗಲಿಲ್ಲವೆಂದು ರೇಡಿಯೋ ಕೆಟ್ಟಿದೆ ಎನ್ನಬೇಡಿ.

ಐದನೇ ಹೆಜ್ಜೆ: ಗುಂಡಿಗಳನ್ನು ಜೋಡಿಸಿಕೊಳ್ಳುವುದು

ಕಾರು ಓಡಿಸುತ್ತಾ ನೂರಾರು ಚಾನೆಲ್‌ಗಳ ಪಟ್ಟಿಯಲ್ಲಿ ಹುಡುಕುವುದು ಅಪಾಯ, ಅದರಲ್ಲೂ ಮಂಜು ಬಿದ್ದ ರಸ್ತೆಯಲ್ಲಿ. ಕಾರು ನಿಂತಿರುವಾಗಲೇ ಬೇಕಾದ ನಾಲ್ಕೈದು ಚಾನೆಲ್‌ಗಳನ್ನು ಒಂದೊಂದಾಗಿ ಹಾಕಿ, ಚಾನೆಲ್ ಉಳಿಸಿಡುವ ಪ್ರಿಸೆಟ್ ಗುಂಡಿಯನ್ನು ಬೀಪ್ ಬರುವವರೆಗೆ ಒತ್ತಿ ಹಿಡಿಯಿರಿ. ಸ್ಟೀರಿಂಗ್ ಮೇಲಿನ ಬಾಣದ ಗುಂಡಿಯಿಂದ ಅವುಗಳ ನಡುವೆ ಓಡಾಡಬಹುದು.

ಹೆಚ್ಚಿನ ಹೊಸ ರೇಡಿಯೋಗಳಲ್ಲಿ ಟ್ಯೂನ್‌ಸ್ಟಾರ್ಟ್ ಎಂಬ ಸೌಲಭ್ಯವಿದೆ. ಅದನ್ನು ಆನ್ ಮಾಡಿಟ್ಟರೆ ಪ್ರಿಸೆಟ್ ಚಾನೆಲ್‌ಗೆ ಹೋದಾಗ ಹಾಡು ಮಧ್ಯದಿಂದಲ್ಲ, ಮೊದಲಿನಿಂದಲೇ ಶುರುವಾಗುತ್ತದೆ. ಪ್ರಿಸೆಟ್ ಮಾಡದ ಚಾನೆಲ್‌ಗೆ ಈ ಅನುಕೂಲ ಇಲ್ಲ, ಹಾಗಾಗಿಯೇ ಪ್ರಿಸೆಟ್ ಮುಖ್ಯ. ಪೆಟ್ರೋಲ್ ಹಾಕಿಸಲು ನಿಂತಾಗ ಹಾಡು ತಡೆದಿಡುವ ಪಾಜ್ ಗುಂಡಿ ಒತ್ತಿ, ಹಿಂದಿರುಗಿ ಅಲ್ಲಿಂದಲೇ ಕೇಳಲೂ ಬರುತ್ತದೆ. ಇಷ್ಟದ ಗಾಯಕರ ಹಾಡು ಬರುತ್ತಿರುವಾಗ ಅಲರ್ಟ್ ಉಳಿಸಿಟ್ಟರೆ, ಮುಂದೆ ಅವರ ಹಾಡು ಬೇರೆ ಯಾವ ಚಾನೆಲ್‌ನಲ್ಲಿ ಬಂದರೂ ಪರದೆಯ ಮೇಲೆ ಸೂಚನೆ ಬರುತ್ತದೆ. ನಾನು ನ್ಯಾಟ್ ಕಿಂಗ್ ಕೋಲ್‌ಗೆ ಒಂದು ಇಟ್ಟಿದ್ದೇನೆ.

ಆರನೇ ಹೆಜ್ಜೆ: ದೂರದ ದಾರಿ

ಪ್ರತಿ ಡಿಸೆಂಬರ್ 23ಕ್ಕೆ ನಾವು ನ್ಯೂಜೆರ್ಸಿಯ ಭಾವನ ಮನೆಗೆ ಹೊರಡುತ್ತೇವೆ. ಸುಮಾರು 600 ಮೈಲಿ, ಹತ್ತು ಗಂಟೆಯ ದಾರಿ. ಟೊಲೀಡೊ ದಾಟಿ ಓಹಾಯೊ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿ ಹಿಡಿದು, ಅಲ್ಲಿಂದ ಐ-80 ಹೆದ್ದಾರಿಯಲ್ಲಿ ಪೆನ್ಸಿಲ್ವೇನಿಯಾ ರಾಜ್ಯವನ್ನು ಅಡ್ಡಡ್ಡಲಾಗಿ ಸೀಳಿಕೊಂಡು ಹೋಗಬೇಕು. ಕಾಡು, ಗುಡ್ಡ, ಮತ್ತೆ ಕಾಡು. ಎಫ್‌ಎಂ ನಂಬಿದರೆ ಅರ್ಧ ಗಂಟೆಗೊಮ್ಮೆ ಕೇಂದ್ರ ಹುಡುಕುತ್ತಲೇ ಇರಬೇಕು, ಎಷ್ಟೋ ಕಡೆ ಫೋನಿನ ಸಿಗ್ನಲ್ ಕೂಡ ಇರುವುದಿಲ್ಲ. ಕ್ಲಿಯರ್‌ಫೀಲ್ಡ್ ಕೌಂಟಿಯಲ್ಲಿ, ಮಿಸಿಸಿಪಿ ನದಿಯ ಪೂರ್ವಕ್ಕೆ ಐ-80ರ ಅತಿ ಎತ್ತರದ ಜಾಗ ಇದು, 2,250 ಅಡಿ ಎಂದು ಫಲಕ ಹಾಕಿದ್ದಾರೆ. ಆ ಫಲಕ ದಾಟುವಾಗ ಹೊರಗೆ ಕತ್ತಲು ಇಳಿಯುತ್ತಿರುತ್ತದೆ, ಹಿಂದೆ ಮಕ್ಕಳು ಮಲಗಿರುತ್ತಾರೆ, ಟೊಲೀಡೊದಲ್ಲಿ ಶುರುವಾದ ಚಾನೆಲ್ ಒಂದು ಗೆರೆಯೂ ಕಡಿಯದೆ ಹಾಡುತ್ತಿರುತ್ತದೆ. ಈ ಹೊತ್ತಿಗಾಗಿಯೇ ನಾನು ಚಂದಾ ಕಟ್ಟುವುದು.

ಸೇತುವೆಯ ಕೆಳಗೆ ಹೋದರೂ ಹಾಡು ಏಕೆ ನಿಲ್ಲುವುದಿಲ್ಲ? ಒಂದೇ ಹಾಡನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಎರಡು ದಾರಿಯಿಂದ ಕಳಿಸುತ್ತಾರೆ, ರೇಡಿಯೋ ಅದನ್ನು ತನ್ನೊಳಗೆ ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಒಂದು ದಾರಿ ಒಂದೆರಡು ಸೆಕೆಂಡು ಮುಚ್ಚಿದರೂ ಇನ್ನೊಂದರಿಂದ ಬಂದದ್ದು ಆ ತೂತನ್ನು ತುಂಬುತ್ತದೆ. ಆದರೆ ಟ್ರಾಫಿಕ್ ಜಾಮ್‌ನಲ್ಲಿ ಸೇತುವೆಯ ಅಡಿಯಲ್ಲೇ ನಿಂತುಬಿಟ್ಟರೆ ಕೂಡಿಟ್ಟದ್ದು ಖಾಲಿಯಾಗುತ್ತದೆ. ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ದಾರಿಯಲ್ಲಿ ಹೋಗುವವರಿಗೆ ಅಲಿಗೆನಿ ಸುರಂಗ ಒಂದು ಮೈಲಿಗೂ ಹೆಚ್ಚು ಉದ್ದವಿದೆ. ಅಲ್ಲಿ ಹಾಡು ನಿಂತರೆ ಗಾಬರಿಯಾಗಬೇಡಿ, ಹೊರಬಂದ ಮೇಲೆ ತಾನಾಗಿ ಬರುತ್ತದೆ.

ಹೊರಡುವ ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವಾಗ ನೆತ್ತಿಯನ್ನೂ ಗುಡಿಸಿ. ಒಣ ಹಿಮ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ನೀರು ಹಿಡಿದ ಹಿಮ ಮತ್ತು ಗಟ್ಟಿ ಮಂಜುಗಡ್ಡೆ ಆ್ಯಂಟೆನಾವನ್ನು ಮುಚ್ಚಿ ಕೂರುತ್ತವೆ. ಕೆರೆಯುವ ಸಲಕರಣೆಯಿಂದ ಆ ಉಬ್ಬನ್ನು ಕುಕ್ಕಬೇಡಿ, ಮೃದು ಬ್ರಷ್‌ನಿಂದ ಸವರಿ. ಸಾಮಾನು ಹೆಚ್ಚಾಗಿ ನೆತ್ತಿಯ ಮೇಲೆ ಪೆಟ್ಟಿಗೆ ಕಟ್ಟಿಕೊಳ್ಳುವವರು ಅದನ್ನು ಆದಷ್ಟು ಮುಂದಕ್ಕೆ ಸರಿಸಿ, ಹಿಂದಿನ ಆ್ಯಂಟೆನಾ ಬಯಲಿಗೆ ಇರುವಂತೆ ಕಟ್ಟಿ. ಮರ ತರುವುದಾದರೂ ಅಷ್ಟೆ. ಬುಡ ಮುಂದಕ್ಕೆ, ತುದಿ ಹಿಂದಕ್ಕೆ ಬರುವಂತೆ ಕಟ್ಟುವುದು ಗಾಳಿಗೂ ಒಳ್ಳೆಯದು. ಬಲೆಯಲ್ಲಿ ಬಿಗಿಯಾಗಿ ಸುತ್ತಿಸಿಕೊಂಡು ಒಂದು ಬದಿಗೆ ಮಲಗಿಸಿದರೆ ಆ್ಯಂಟೆನಾಕ್ಕೆ ಸ್ವಲ್ಪವಾದರೂ ಆಕಾಶ ಉಳಿಯುತ್ತದೆ. ಈಗ ನಾವು ತರುವುದು ಹೀಗೆಯೇ, ಹಾಡು ಅಲ್ಲಲ್ಲಿ ತಡವರಿಸುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ.

ಮನೆಯಲ್ಲಿ, ಊರಿನಲ್ಲಿ

ಮನೆಯೊಳಗೆ ಕೇಳಲು ಸುಲಭದ ದಾರಿ ಆ್ಯಪ್. ಕಾರಿನ ಚಂದಾದಲ್ಲೇ ಆ್ಯಪ್ ಸೇರಿದೆಯೇ ಎಂದು ನೋಡಿ, ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ಸೇರಿರುತ್ತದೆ. ಅಲೆಕ್ಸಾದಂಥ ಸ್ಪೀಕರ್‌ಗೆ ಖಾತೆ ಜೋಡಿಸಿದರೆ ಚಾನೆಲ್ ಹೆಸರು ಹೇಳಿದರೆ ಸಾಕು, ಚಪಾತಿ ಲಟ್ಟಿಸುತ್ತಾ ಕೇಳಬಹುದು. ಕೈಯಲ್ಲಿ ಹಿಡಿಯುವ ಹಳೆಯ ರಿಸೀವರ್ ಇರುವವರು ಅದರ ಆ್ಯಂಟೆನಾವನ್ನು ದಕ್ಷಿಣದ ಕಿಟಕಿಯಲ್ಲಿ, ಹೊರಗೆ ಮರ ಅಡ್ಡ ಬಾರದ ಕಡೆ ಇಡಬೇಕು.

ಡಿಸೆಂಬರ್ 24ರ ಬೆಳಿಗ್ಗೆ ಮಾತ್ರ ನಾನು ಸ್ಯಾಟಲೈಟ್ ಬಿಟ್ಟು ಸ್ಥಳೀಯ ಸಾರ್ವಜನಿಕ ರೇಡಿಯೋ ಹಾಕುತ್ತೇನೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ 1918ರಿಂದ ನಡೆದುಬಂದ ಕ್ಯಾರೊಲ್ (ಕ್ರಿಸ್‌ಮಸ್ ಗೀತೆಗಳ) ಸೇವೆಯನ್ನು ಅಮೆರಿಕದ ಹಲವು ಸಾರ್ವಜನಿಕ ಕೇಂದ್ರಗಳು ನೇರವಾಗಿ ಕೊಡುತ್ತವೆ, ಅಮೆರಿಕದ ಪೂರ್ವ ವಲಯದ (ಈಸ್ಟರ್ನ್) ಸಮಯ ಬೆಳಿಗ್ಗೆ 10ಕ್ಕೆ. ಒಬ್ಬ ಹುಡುಗ ಯಾವ ವಾದ್ಯದ ಆಸರೆಯೂ ಇಲ್ಲದೆ ಮೊದಲ ಸಾಲು ಎತ್ತುತ್ತಾನೆ. ಆ ಒಂದು ನಿಮಿಷಕ್ಕೆ ನಮ್ಮ ಮನೆಯಲ್ಲಿ ಮಿಕ್ಸಿಯೂ ನಿಲ್ಲುತ್ತದೆ.

ಊರಿಗೆ ರಜೆಗೆ ಹೋದರೆ ಇದಾವುದೂ ಜೊತೆಗೆ ಬರುವುದಿಲ್ಲ. ಆ ಉಪಗ್ರಹಗಳ ಸಿಗ್ನಲ್ ಬೀಳುವುದು ಉತ್ತರ ಅಮೆರಿಕದ ಮೇಲೆ ಮಾತ್ರ, ಆ್ಯಪ್ ಕೂಡ ಭಾರತದಲ್ಲಿ ಕೇಳಲು ಮಾಡಿದ್ದಲ್ಲ. ಆದರೆ ತಿರುಗಿ ಈ ಕಡೆಗೆ ದಾರಿ ಇದೆ: ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಮಂಗಳೂರು ಕೇಂದ್ರವನ್ನು ಮಿಷಿಗನ್‌ನಿಂದಲೇ ಕೇಳಬಹುದು. ಹತ್ತೂವರೆ ಗಂಟೆಯ ವ್ಯತ್ಯಾಸ ಲೆಕ್ಕ ಹಾಕಿ. ಅಲ್ಲಿನ 25ರ ಬೆಳಗು ನಮಗೆ 24ರ ಸಂಜೆ.

ಕೊನೆಯ ಹೆಜ್ಜೆ: ಹಬ್ಬ ಮುಗಿದ ಮೇಲೆ

ಹೆಚ್ಚಿನ ಕ್ರಿಸ್‌ಮಸ್ ಚಾನೆಲ್‌ಗಳು 26ರ ಆಸುಪಾಸಿನಲ್ಲಿ ಸದ್ದಿಲ್ಲದೆ ಎದ್ದುಹೋಗುತ್ತವೆ, ಒಂದೆರಡು ಹೊಸ ವರ್ಷದವರೆಗೆ ಉಳಿಯುತ್ತವೆ. ಪ್ರಿಸೆಟ್ ಗುಂಡಿ ಒತ್ತಿದಾಗ ಬೇರೇನೋ ಹಾಡು ಬಂದರೆ ರೇಡಿಯೋ ಸರಿಯಾಗಿಯೇ ಇದೆ, ಹಬ್ಬಕ್ಕೆ ಜಾಗ ಬಿಟ್ಟುಕೊಟ್ಟಿದ್ದ ಚಾನೆಲ್ ಹಿಂದಿರುಗಿದೆ ಅಷ್ಟೆ.

ಚಂದಾ ಬೇಡವೆಂದು ತೀರ್ಮಾನಿಸಿದ್ದರೆ ರೇಡಿಯೋ ಐಡಿಯ ಫೋಟೋ ಎದುರಿಗಿಟ್ಟುಕೊಂಡು ಕರೆ ಅಥವಾ ಚಾಟ್ ಮಾಡಿ. ಮೊದಲ ಮಾತಿಗೇ ರದ್ದು ಮಾಡುವುದಿಲ್ಲ, ಕಡಿಮೆ ದರದ ಇನ್ನೊಂದು ಕೊಡುಗೆ ಮುಂದಿಡುತ್ತಾರೆ. ಮುಂದಿನ ಡಿಸೆಂಬರ್ ಅದರೊಳಗೆ ಬರುವುದಾದರೆ, ಒಟ್ಟು ಮೊತ್ತ ಒಪ್ಪಿಗೆಯಾದರೆ, ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ. ಬೇಡವಾದರೆ ಬೇಡವೆಂದೇ ಹೇಳಿ, ದೃಢೀಕರಣ ಸಂಖ್ಯೆ ಕೇಳಿ ಬರೆದುಕೊಳ್ಳಿ, ಇಮೇಲ್ ಬರುವವರೆಗೆ ಫೋನ್ ಇಡಬೇಡಿ. ಮುಂದಿನ ಎರಡು ತಿಂಗಳ ಕಾರ್ಡ್ ಬಿಲ್ ಮೇಲೂ ಒಂದು ಕಣ್ಣಿರಲಿ.